ಅಕ್ಕನ ಪಾಲು

ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಒಂದು ಕಂಬವೂ ಖಾಲಿ ಇರಲಿಲ್ಲ. ಒಂದೊಂದಕ್ಕೂ ಒಬ್ಬಿಬ್ಬರು ಒರಗಿಕೊಂಡು, ತಮ್ಮ ಹೆಸರು ಯಾವಾಗ ಕೂಗುತ್ತಾರೋ ಎಂದು ಒಳಬಾಗಿಲನ್ನೇ ನೋಡುತ್ತಿದ್ದರು. ತಿಪ್ಪಮ್ಮ ಮೆಟ್ಟಿಲ ಕೆಳಗೆ ನಿಂತು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ನಿನ್ನೆ ಮಡಕಶಿರದಲ್ಲಿ ಮೋಟಾರು ಹತ್ತಿದ್ದು; ಕಲ್ಯಾಣದುರ್ಗದ ಛತ್ರದಲ್ಲಿ ತಂಗಿ, ಬೆಳಿಗ್ಗೆ ಇನ್ನೊಂದು ಮೋಟಾರಿಗೆ ರಾಯದುರ್ಗಕ್ಕೆ ಬಂದದ್ದು. ಕೆಳಗಿಳಿದು ಇಷ್ಟು ಹೊತ್ತಾದರೂ ಮೈ ಇನ್ನೂ ಕುಲುಕುತ್ತಲೇ ಇದ್ದಂತಿತ್ತು.

ಜೊತೆಗೆ ಬಂದಿದ್ದ ತಮ್ಮ ಲಕ್ಷ್ಮೀನರಸಪ್ಪ ಅವಳ ಗಂಟನ್ನು ಜಗಲಿಯ ಅಂಚಿಗೆ ಇಟ್ಟ.

"ನಿನ್ನ ಕರೆಯೋದು ಹೊತ್ತಾಯ್ತದೆ ಕಣಕ್ಕ. ವಾಪಸು ಮೋಟಾರು ಎಷ್ಟೊತ್ತಿಗೆ ಅಂತ ಕೇಳ್ಕಂಡು, ತಿನ್ನಾಕೆ ಏನಾರ ಕಟ್ಟಿಸ್ಕಂಡು ಬತ್ತೀನಿ. ಭಾವನ ಹೆಸರು ಕೇಳಿದ್ರೆ ಹೊಸ ಮದುವಣಗಿತ್ತಿ ಥರ ನೆಲ ನೋಡ್ಕಂಡು ನಿಂತೀಯ, ಮತ್ತೆ."

"ಹೇಳ್ತೀನಿ ಹೋಗ್ಲಾ," ಎಂದಳು ತಿಪ್ಪಮ್ಮ ನಗುತ್ತ.

ಹೇಳುವುದನ್ನು ಅವಳು ಕಲಿತೇ ಬಂದಿದ್ದಳು. ಪಾಸ್‌ಪೋರ್ಟು ಬೇಕೆನ್ನುವ ಹೆಂಗಸು ಅಧಿಕಾರಿಯ ಎದುರಿಗೆ ನಿಂತು, ತನ್ನ ಹೆಸರು, ತಂದೆಯ ಹೆಸರು, ಗಂಡನ ಹೆಸರು ತನ್ನ ಬಾಯಿಂದಲೇ ಹೇಳಬೇಕು, ಬೇರೆಯವರು ಹೇಳಿಕೊಟ್ಟರೆ ನಡೆಯುವುದಿಲ್ಲ ಎಂದು ರೊಳ್ಳದ ಗ್ರಾಮ ಮುನಸೀಬರು ಅವಳನ್ನು ಕರೆಸಿ ಹೇಳಿದ್ದರು. ಮದುವೆಯಾದ ದಿನದಿಂದ ಗಂಡನ ಹೆಸರು ಅವಳ ನಾಲಿಗೆಯ ಮೇಲೆ ಬಂದಿರಲಿಲ್ಲ. ಹಸೆಯ ಮೇಲೆ ಒಡಪು ಕಟ್ಟಿ ಹೇಳಿದ್ದೇ ಮೊದಲು, ಅದೇ ಕೊನೆ. ಹೀಗಾಗಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಅತ್ತಿತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಗಿಡಗಳ ಮುಂದೆ ಮೆಲ್ಲಗೆ ಅಂದು ನೋಡಿದ್ದಳು. ಮೊದಲ ದಿನ ಅರ್ಧ ಹೆಸರಿಗೇ ನಾಲಿಗೆ ಕಚ್ಚಿಕೊಂಡಿತು. ದಿನ ಹೋದ ಹಾಗೆ ಪೂರ್ತಿ ಬಂತು. ಅಂದ ಮೇಲೆ ಒಂದು ಹಿಡಿ ಸೊಪ್ಪನ್ನು ಮುಖಕ್ಕೆ ಒತ್ತಿಕೊಂಡು ಒಬ್ಬಳೇ ನಕ್ಕಿದ್ದಳು.

ಗಂಡ ಬೊಮ್ಮನಹಾಳಿನ ಹತ್ತಿರದ ಊರಿನವನು. ಯುದ್ಧದ ಕಾಲದಲ್ಲಿ ಬಳ್ಳಾರಿಯ ದಂಡಿನಲ್ಲಿ ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಸೇರಿ ಹಡಗು ಹತ್ತಿದವನು, ಯುದ್ಧ ಮುಗಿದರೂ ಸಮುದ್ರದಾಚೆಯ ಅರಬರ ಬಂದರು ಬಸ್ರಾದಲ್ಲೇ ಉಳಿದು ರೈಲು ಹಳಿಯ ಗ್ಯಾಂಗಿಗೆ ಮೇಸ್ತ್ರಿಯಾದ. ಮೊದಲ ರಜೆಗೆ ಬಂದಾಗ ತಿಪ್ಪಮ್ಮನನ್ನು ಮದುವೆಯಾದ. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಬರುವನು, ಖರ್ಜೂರದ ಬುಟ್ಟಿ ತರುವನು, ಮುಂದಿನ ಸಲ ನಿನ್ನನ್ನು ಕರೆದುಕೊಂಡೇ ಹೋಗುತ್ತೇನೆ ಎನ್ನುವನು. ಒಂದು ಸಲ ಬಂದವನು, ಅಲ್ಲಿಯ ಆಫೀಸಿನಲ್ಲಿ ನಿನ್ನ ಹೆಸರು ಬರೆಸಿದ್ದೇನೆ, ಹೆಂಡತಿ ತಿಪ್ಪಮ್ಮ, ಅವಳ ತಂದೆ ಚಿಕ್ಕತಿಮ್ಮಯ್ಯ, ಊರು ರೊಳ್ಳ ಎಂದೆಲ್ಲ ಬರೆದುಕೊಂಡರು ಎಂದಿದ್ದ. ಕಾಣದ ಊರಿನ ಕಚೇರಿಯೊಂದರಲ್ಲಿ ತನ್ನ ಹೆಸರು ತನಗಿಂತ ಮೊದಲೇ ಹೋಗಿ ಕೂತಿದೆ ಎನ್ನುವುದು ಅವಳಿಗೆ ಖರ್ಜೂರಕ್ಕಿಂತ ಸಿಹಿಯಾಗಿತ್ತು.

ಕಳೆದ ವರ್ಷ ಬಂದಾಗ ಮನೆ ಕೊಟ್ಟಿದ್ದಾರೆ, ಇನ್ನು ಪಾಸ್‌ಪೋರ್ಟು ಒಂದೇ ಬಾಕಿ ಎಂದ. ಆ ರಜೆಯಲ್ಲೇ ತಾಯಿಯನ್ನು ಕರೆದುಕೊಂಡು ಹರಕೆ ತೀರಿಸಲು ಹಂಪಿಗೆ ಹೋಗಿ ಬಂದ. ಎಮ್ಮೆ ಈದಿತ್ತು, ಮನೆ ಬಿಡುವ ಹಾಗಿರಲಿಲ್ಲ, ತಿಪ್ಪಮ್ಮ ಉಳಿದಳು. ಅವನು ಹಡಗು ಹತ್ತಿದ ಮೇಲೆ ಅತ್ತೆ ಓಬಕ್ಕ ತಾನಾಗಿಯೇ, ಸಮುದ್ರ ದಾಟಿದ ಮೇಲೆ ತವರು ಕಣ್ಣಿಗೆ ಬೀಳುವುದಿಲ್ಲ, ಕಾಗದ ಬರುವ ತನಕ ಹೋಗಿ ಇದ್ದು ಬಾ ಎಂದು ಅಕ್ಕರೆಯಿಂದ ಕಳಿಸಿಕೊಟ್ಟಳು. ಪಾಸ್‌ಪೋರ್ಟಿನ ಖರ್ಚಿಗೆಂದು ಸೊಸೆಯ ಬುಗುಡಿ ಕೇಳಿ ಇಸಿದುಕೊಂಡಳು. ಕಿವಿಯ ಮೇಲಿನ ತೂತು ಮುಚ್ಚಿಹೋಗದಿರಲೆಂದು ತಿಪ್ಪಮ್ಮ ಬೇವಿನ ಕಡ್ಡಿ ಚುಚ್ಚಿಕೊಂಡಿದ್ದಳು. ಬಸ್ರಾದಲ್ಲಿ ಬಂಗಾರ ಬೇಕಾದಷ್ಟಿದೆ ಎಂದು ಓಬಕ್ಕನೇ ಅಂದಿದ್ದಳು.

ಅತ್ತೆಯ ಕಡೆಯಿಂದ ಆಮೇಲೆ ಸುದ್ದಿಯಿಲ್ಲ. ಸುದ್ದಿ ಬಂದದ್ದು ಸರ್ಕಾರದಿಂದ. ಅರ್ಜಿಯಲ್ಲಿ ತವರೂರು ರೊಳ್ಳ ಎಂದಿದ್ದುದರಿಂದ ರೆವಿನ್ಯೂ ಇನ್ಸ್‌ಪೆಕ್ಟರು ಬಂದು ಚಿಕ್ಕತಿಮ್ಮಯ್ಯ ಎನ್ನುವವರು ಇದ್ದರೇ, ಅವರಿಗೆ ತಿಪ್ಪಮ್ಮನೆಂಬ ಮಗಳುಂಟೇ ಎಂದಷ್ಟೇ ಮುನಸೀಬರನ್ನು ಕೇಳಿಹೋದರು. ಹೋಗುವ ಮುಂಚೆ, ಎರಡು ವಾರ ಬಿಟ್ಟು ಗುರುವಾರ ರಾಯದುರ್ಗದಲ್ಲಿ ತಹಸೀಲ್ದಾರರು ವಿಚಾರಣೆ ಇಟ್ಟುಕೊಂಡಿದ್ದಾರೆ ಎಂದೂ ಹೇಳಿದರು. ಅತ್ತೆ ಹೇಳಿ ಕಳಿಸಿದ್ದು ದಾರಿಯಲ್ಲೆಲ್ಲೋ ನಿಂತಿರಬೇಕು ಎಂದುಕೊಂಡು, ಮುದುಕಿ ತನ್ನನ್ನು ಕಾಣದೆ ಎಷ್ಟು ಗಾಬರಿಯಾಗಿರುತ್ತಾಳೋ ಎಂದು ತಿಪ್ಪಮ್ಮ ತಮ್ಮನನ್ನು ಹೊರಡಿಸಿಕೊಂಡು ಬಂದಿದ್ದಳು. ಗಂಟಿನಲ್ಲಿ ಗಂಡನಿಗೆ ಇಷ್ಟವಾದ ರಾಗಿ ಹುರಿಹಿಟ್ಟು ಇತ್ತು.

ಜಗಲಿಯ ಕೊನೆಯ ಕಂಬದ ಹತ್ತಿರ ಒಬ್ಬ ಹುಡುಗಿ ಕೂತಿದ್ದಳು. ತಿಪ್ಪಮ್ಮನನ್ನು ಕಂಡು ಸರಿದು ಜಾಗ ಮಾಡಿದಳು.

"ಇಲ್ಲಿ ಕುಂದರ್ರಿ ಅಕ್ಕಾರ, ನೆರಳೈತಿ."

ಹದಿನೆಂಟರ ಸುಮಾರಿನ ಹುಡುಗಿ. ಹೊಸ ಸೀರೆಯ ಗಂಜಿ ಇನ್ನೂ ಹೋಗಿರಲಿಲ್ಲ, ಅಲುಗಿದರೆ ಸರಬರ ಎನ್ನುತ್ತಿತ್ತು. ಮಾತಾಡಿಸಿದ ಮೇಲೆ ಮತ್ತೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸತೊಡಗಿದಳು.

"ಏನವ್ವ, ಮಂತ್ರ ಹೇಳ್ಕಂತಿದೀಯ?" ಎಂದಳು ತಿಪ್ಪಮ್ಮ.

ಹುಡುಗಿ ನಕ್ಕಳು. ಮಂತ್ರವಲ್ಲ, ಪಾಠ, ಒಳಗೆ ಸಾಹೇಬರು ಕೇಳುವುದಕ್ಕೆ ತಡವರಿಸದೆ ಹೇಳಬೇಕಂತೆ, ಒಂದು ತಪ್ಪಿದರೂ ಪಾಸ್‌ಪೋರ್ಟು ಇಲ್ಲವಂತೆ ಎಂದಳು. ತಿಪ್ಪಮ್ಮನಿಗೆ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ತಾನೂ ಅದಕ್ಕೇ ಬಂದವಳು ಎಂದಳು. ಯಾವ ಊರಿಗೆ ಎಂದು ಕೇಳಿದರೆ ಆ ಹುಡುಗಿಯೂ ಬಸ್ರಾ ಎನ್ನಬೇಕೆ? ಹಡಗಿನ ಮೇಲೆ ಮಾತಿಗೆ ಒಬ್ಬಳಾದಳು ಎಂದು ತಿಪ್ಪಮ್ಮ ಅಲ್ಲಿಯೇ ಲೆಕ್ಕ ಹಾಕಿಬಿಟ್ಟಳು. ಹಡಗು ಹತ್ತಿದರೆ ವಾಂತಿಯಾಗುತ್ತದಂತೆ, ಹುಣಸೆಹಣ್ಣು ಇಟ್ಟುಕೋ ಎಂದು ಬುದ್ಧಿ ಹೇಳಿದಳು.

ಹುಡುಗಿ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ತಿಪ್ಪಮ್ಮನಿಗೂ ಮುರಿದುಕೊಡಲು ಹೋದಳು. ತಮ್ಮ ತರುತ್ತಾನೆ ಎಂದು ಇವಳು ಬೇಡವೆಂದಳು. ಆಗ ಹುಡುಗಿ ರೊಟ್ಟಿಯ ಒಂದು ತುಣುಕಿಗೆ ಚಟ್ನಿ ಸವರಿ, ಮುತ್ತುಗದ ಎಲೆಯ ಚೂರಿನ ಮೇಲೆ ಇಟ್ಟು ಜಗಲಿಯ ಅಂಚಿಗೆ ಸರಿಸಿದಳು. ಕುತ್ತಿಗೆಯಲ್ಲಿ ತಾಳಿಯ ಮಗ್ಗುಲಿಗೇ ಇದ್ದ ಸಣ್ಣ ಬಿಲ್ಲೆಯೊಂದನ್ನು ತೆಗೆದು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ತಾನು ತುತ್ತು ಮುರಿದಳು.

ಬಿಲ್ಲೆಯನ್ನು ತಿಪ್ಪಮ್ಮ ಗುರುತು ಹಿಡಿದಳು. ಉಗುರಗಲದ ಬಂಗಾರದ ತಗಡಿನ ಮೇಲೆ ಹೆಣ್ಣಿನ ರೂಪು, ಎರಡು ಚುಕ್ಕೆ ಕಣ್ಣು, ಇಳಿಬಿಟ್ಟ ಎರಡು ಕೈ. ಹೆಂಡತಿ ಸತ್ತವನನ್ನು ಕಟ್ಟಿಕೊಂಡವಳು ಹಾಕುವುದು. ಹಾಕದಿದ್ದರೆ ಸತ್ತವಳು ಹೊಟ್ಟೆಕಿಚ್ಚಿನಿಂದ ಸಂಸಾರಕ್ಕೆ ಅಡ್ಡ ಬರುತ್ತಾಳೆ, ಉಣ್ಣುವ ಮುಂಚೆ ಅವಳ ಪಾಲು ಎತ್ತಿಡಬೇಕು. ಕೆಲವು ಮನೆಗಳಲ್ಲಿ ಸತ್ತವಳ ಹೆಸರನ್ನೇ ಬಂದವಳಿಗೆ ಇಡುವುದೂ ಉಂಟು. ಇಷ್ಟು ಎಳೆಯದಕ್ಕೆ ಎರಡನೇ ಸಂಬಂಧವೇ ಎಂದು ಅವಳಿಗೆ ಕನಿಕರವಾಯಿತು.

"ಮೊದ್ಲೋಳು ಏನಾಗಿ ಹೋದಳವ್ವ?"

"ಜ್ವರ ಬಂದು ಹೋದಳಂತ್ರಿ. ನಾ ನೋಡಿಲ್ಲ. ಹೋದ ವರ್ಷ ನಮ್ಮೋರು ರಜಾಕ್ಕ ಬಂದಾಗ ಹಂಪ್ಯಾಗ ತಾಳಿ ಕಟ್ಟಿದ್ರು. ಅವರು ಹಡಗ ಹತ್ತಿದ ಮ್ಯಾಲೆ ನಾ ನಮ್ಮ ತಾಯಿ ಮನ್ಯಾಗ ಇದ್ದೆ. ಮೊನ್ನಿ ಅತ್ತಿ ಬಂದು ಕರಕೊಂಡು ಬಂದ್ರು." ಬಾಯಿಯಲ್ಲಿ ತುತ್ತು ಇಟ್ಟುಕೊಂಡೇ ಹುಡುಗಿ ಬಿಲ್ಲೆಯನ್ನು ಎತ್ತಿ ತೋರಿಸಿದಳು. "ಇದನ್ನೂ ಅತ್ತೀನ ಮಾಡಿಸ್ಯಾರ್ರಿ. ಅಕ್ಕನ ಬುಗುಡಿ ಇದ್ವಂತ, ಅವನ್ನ ಕರಗಿಸಿ. ಅವರ ಬಂಗಾರದಾಗ ಮಾಡಿಸಿದ್ರನ ಅವರಿಗೆ ತೃಪ್ತಿ ಅಂತ."

ತಿಪ್ಪಮ್ಮನ ಕೈ ಕಿವಿಗೆ ಹೋಯಿತು. ಬೇವಿನ ಕಡ್ಡಿ ಇದ್ದಲ್ಲೇ ಇತ್ತು. ಹಂಪಿ, ಹೋದ ವರ್ಷದ ರಜೆ, ಬುಗುಡಿ — ಒಂದೊಂದೇ ಬಂದು ಎದೆಯ ಮೇಲೆ ಕೂರುತ್ತಿದ್ದರೂ ಅವಳು ಅವನ್ನು ಸೇರಿಸಿ ನೋಡಲು ಒಪ್ಪಲಿಲ್ಲ. ಹಂಪಿಗೆ ಊರೆಲ್ಲ ಹೋಗುತ್ತದೆ. ಬುಗುಡಿ ಇಲ್ಲದ ಕಿವಿ ಯಾವುದಿದೆ?

"ನಿನ್ನ ಹೆಸರೇನವ್ವ?" ಎಂದು ಕೇಳಿದಳು.

"ತಾಯಿ ಮನ್ಯಾಗ ಪಂಪಮ್ಮ ಅಂತಿದ್ರು. ಈಗ ಅಕ್ಕನ ಹೆಸರ ನಂದು." ಹುಡುಗಿ ಕೈ ಒರೆಸಿಕೊಂಡು, ಮೇಷ್ಟರ ಮುಂದೆ ನಿಂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿದಳು. "ತಪ್ಪಾದ್ರ ಹೇಳ್ರಿ ಮತ್ತ. ನನ್ನ ಹೆಸರು ತಿಪ್ಪಮ್ಮ. ಗಂಡನ ಹೆಸರು ಚಿತ್ತಪ್ಪ. ತಂದಿ ಹೆಸರು ಚಿಕ್ಕತಿಮ್ಮಯ್ಯ. ತವರೂರು ಮಡಕಶಿರ ತಾಲ್ಲೂಕು ರೊಳ್ಳ." ಕಣ್ಣು ಬಿಟ್ಟಳು. "ಸರಿ ಐತ್ರಿ?"

ಗಿಡಗಳ ಮುಂದೆ ಅಷ್ಟು ದಿನ ಅಂದು ಅಂದು ನಾಲಿಗೆಗೆ ತಂದುಕೊಂಡಿದ್ದ ಹೆಸರು ಈ ಹುಡುಗಿಯ ಬಾಯಿಂದ ನೀರು ಕುಡಿದಷ್ಟು ಸಲೀಸಾಗಿ ಬಂದಿತ್ತು. ಅದರ ಬೆನ್ನಿಗೇ ಅಪ್ಪನ ಹೆಸರು. ಮಗಳ ಮದುವೆಗೆ ರೇಷ್ಮೆಗೂಡು ಮಾರಿ ಆ ಬುಗುಡಿ ಮಾಡಿಸಿದ ಅಪ್ಪ.

"ಸರಿ ಐತೆ," ಎಂದಳು ತಿಪ್ಪಮ್ಮ.

ಆ ಹೊತ್ತಿಗೆ ಓಬಕ್ಕ ಬಂದಳು. ಅವಳ ಜೊತೆಗೆ ಪಂಚಾಕ್ಷರಯ್ಯ ಇದ್ದ, ಕಚೇರಿಯ ಮುಂದೆ ಚಾಪೆ ಹಾಸಿಕೊಂಡು ಅರ್ಜಿ ಬರೆದುಕೊಡುವವನು. ಸಾಹೇಬರು ಇವತ್ತು ಖುಷಿಯಾಗಿದ್ದಾರೆ, ಬೇಗ ಮುಗಿಯುತ್ತದೆ ಎಂದು ಅವನು ಹೇಳುತ್ತಲೇ ಇದ್ದ. ಓಬಕ್ಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ತಿಪ್ಪಮ್ಮನನ್ನು ಕಂಡು ಹಾಗೇ ನಿಂತಳು. ಪಂಚಾಕ್ಷರಯ್ಯ ಒಳಗೆ ಹೋದ. ಅವನಿಗೆ ಎಲ್ಲ ಹೆಂಗಸರೂ ಒಂದೇ.

"ಬಾ ಇಲ್ಲಿ," ಎಂದಳು ಓಬಕ್ಕ ಬರೀ ತುಟಿಯಲ್ಲಿ.

ಹುಡುಗಿಗೆ, ಅತ್ತೆಯ ಪರಿಚಯದವರಿರಬೇಕು ಎನ್ನಿಸಿತು. ಅವಳು ರೊಟ್ಟಿ ಮುಗಿಸುವುದರಲ್ಲಿದ್ದಳು. ಕಚೇರಿಯ ಮಗ್ಗುಲ ಹುಣಸೆಮರದ ಕೆಳಗೆ, ಬಂಡಿಗಳ ಮರೆಯಲ್ಲಿ ಅತ್ತೆ ಸೊಸೆ ನಿಂತರು. ತಲೆಯ ಮೇಲೆ ಕೋಟೆಗುಡ್ಡದ ಬಂಡೆಗಳು ಬಿಸಿಲಿಗೆ ಬೆಳ್ಳಗೆ ಕಾದಿದ್ದವು. ಓಬಕ್ಕ ಮೊದಲು ಕೇಳಿದ್ದು, ಯಾರ ಜೊತೆ ಬಂದೆ ಎಂದು. ತಮ್ಮನೂ ಬಂದಿದ್ದಾನೆ ಎಂದು ಗೊತ್ತಾದ ಮೇಲೆ ಅವಳು ಬೀದಿಯ ಕಡೆ ಒಮ್ಮೆ ನೋಡಿ ಬಂಡಿಯ ಮರೆಗೆ ಇನ್ನಷ್ಟು ಸರಿದಳು.

ಆಮೇಲೆ ಮುದುಕಿ ಅಡಗಿಸಲಿಲ್ಲ. ಅವನ ಮನಸ್ಸು ಆ ಹುಡುಗಿಯ ಮೇಲೆ ಹೋಯಿತು, ತಾನೇನು ಮಾಡಲಿ ಎಂದಳು. ಬಳ್ಳಾರಿ ಸ್ಟೇಷನ್ನಿನಲ್ಲಿ ಕಂಡನಂತೆ, ಹುಡುಗಿಯ ಚಿಕ್ಕಪ್ಪ ಅಲ್ಲಿ ಹಳಿಯ ಕೆಲಸದವನಂತೆ. ಬಸ್ರಾದ ಆಫೀಸಿನಲ್ಲಿ ಹೆಂಡತಿ ತಿಪ್ಪಮ್ಮ ಎಂದು ಮೊದಲೇ ಬರೆದುಬಿಟ್ಟಿದ್ದಾರೆ. ಮನೆ ಕೊಡುವುದೂ ಹಡಗಿನ ಚೀಟಿ ಕೊಡುವುದೂ ಆ ಹೆಸರಿನವಳಿಗೆ ಮಾತ್ರ. ಬದಲಾಯಿಸಬೇಕಾದರೆ ಮೊದಲಿನವಳು ಸತ್ತಿದ್ದಾಳೆ ಎಂದು ಊರಿನವರಿಂದ ಬರೆಸಿ ಕಳಿಸಬೇಕು. ಮಗ ಅದನ್ನೇ ಮಾಡು ಎಂದಿದ್ದ. ಓಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬದುಕಿರೋ ಹೆಣ್ಣಮಗಳನ್ನ ಸತ್ತಾಳಂತ ಹೆಂಗ ಬರಸಲಿ? ನನ್ನ ಕೈಲೆ ಆಗಲಿಲ್ಲ. ನೀ ನನ್ನ ಕೂಡ ಎಷ್ಟ ವರ್ಷ ಉಂಡೀ. ಅದಕ್ಕ ನಿನ್ನ ಹೆಸರಷ್ಟ ತಗೊಂಡ್ವಿ. ನಿನಗೇನೂ ಕೇಡು ಬಗೆದಿಲ್ಲ ನಾ."

ಅದನ್ನು ಅವಳು ಉಪಕಾರ ಮಾಡಿದವಳ ದನಿಯಲ್ಲಿಯೇ ಹೇಳಿದಳು. ತಿಪ್ಪಮ್ಮನಿಗೆ ಅದಕ್ಕಿಂತ ದೊಡ್ಡ ಏಟು ಆ ದಿನ ಬೀಳಲಿಲ್ಲ.

"ಮತ್ತೆ ಆ ಮಗೀನ ಕೊಳ್ಳಾಗಿರೋದು ಏನತ್ತೆ?"

ಓಬಕ್ಕ ಅತ್ತ ಇತ್ತ ನೋಡಿದಳು. "ಅದು ಸಣ್ಣದು. ನಿನ್ನ ಹೆಸರು ಹೊತಗೊಂಡು ಸಮುದ್ರ ದಾಟೋದು. ಹೆಸರು ಹೊತ್ತ ಮ್ಯಾಲೆ ಹೆಸರಿನಾಕಿ ಕಣ್ಣು ಬೀಳದ ಇರ್ತೈತೇನು? ಇವತ್ತಲ್ಲ ನಾಳೆ ನಿನಗ ತಿಳೀತಿತ್ತು. ತಿಳಿದು ನೀ ಹೊಟ್ಟಿ ಉರಕೊಂಡ್ರ, ಅದು ಅಲ್ಲಿ ಹಡಗಿನ್ಯಾಗ ಏನಾರ ಆದ್ರ? ಅದಕ್ಕ ಕಟ್ಟಿಸಿದೆ."

ಮಗನಿಗೆ ಬಿಲ್ಲೆಯ ವಿಷಯ ಗೊತ್ತಿಲ್ಲವಂತೆ. ಗೊತ್ತಾದರೆ ಬೈಯುತ್ತಾನಂತೆ. ಇದೆಲ್ಲ ಮುದುಕಿ ಒಬ್ಬಳೇ ಯೋಚಿಸಿ, ಅಕ್ಕಸಾಲಿಗನ ಹತ್ತಿರ ಹೋಗಿ ಮಾಡಿಸಿದ್ದು.

ತಿಪ್ಪಮ್ಮ ಮರದ ಕಾಂಡಕ್ಕೆ ಕೈ ಕೊಟ್ಟು ನಿಂತಿದ್ದಳು. ಈಗ ಒಳಗೆ ಹೋಗಿ ನಾನೇ ತಿಪ್ಪಮ್ಮ ಎಂದು ಕೂಗಿದರೆ ಆಯಿತು. ತಮ್ಮ ಇದ್ದಾನೆ, ರೊಳ್ಳದ ಮುನಸೀಬರಿದ್ದಾರೆ. ಪಾಸ್‌ಪೋರ್ಟು ತನಗೇ ಬರುತ್ತದೆ. ಹಡಗು ಹತ್ತಿ ಹೋಗಿ, ಇಳಿದ ಮೇಲೆ, ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲುವುದು? ಅವನು ಹುಡುಗಿಗಾಗಿ ಬಂದರಿನಲ್ಲಿ ಕಾದಿರುತ್ತಾನೆ. ಇಳಿದುಬರುವ ತನ್ನ ಮುಖವನ್ನು ನೋಡಿದ ಅವನ ಮುಖ ಹೇಗಾಗುತ್ತದೆ ಎನ್ನುವುದು ಅವಳಿಗೆ ಇಲ್ಲಿಂದಲೇ ಕಂಡಿತು.

ಓಬಕ್ಕ ಅವಳ ಮಣಿಕಟ್ಟು ಹಿಡಿದುಕೊಂಡಿದ್ದಳು. ನೀನು ಬಾಯಿ ಬಿಟ್ಟರೆ ಅವನ ನೌಕರಿ ಹೋಗುತ್ತದೆ, ನಾನು ಜೈಲಿಗೆ ಹೋಗುತ್ತೇನೆ, ಲಕ್ಷ್ಮೀನರಸಪ್ಪನಿಗೆ ಮಾತ್ರ ಹೇಳಬೇಡ, ಅವನು ಕೊಂದುಹಾಕುತ್ತಾನೆ ಎಂದು ಒಂದೇ ಸಮನೆ ಬಡಬಡಿಸುತ್ತಿದ್ದಳು. ಆಗ ಜವಾನ ಬಾಗಿಲಿಗೆ ಬಂದು ಕೂಗಿದ.

"ಚಿತ್ತಪ್ಪನ ಹೆಂಡತಿ ತಿಪ್ಪಮ್ಮ!"

ಜಗಲಿಯಲ್ಲಿ ಹುಡುಗಿ ಸೀರೆ ಕೊಡವಿಕೊಂಡು ಎದ್ದಳು. ಮರದ ಕೆಳಗೆ ತಿಪ್ಪಮ್ಮ ಕೈ ಬಿಡಿಸಿಕೊಂಡಳು.

ಒಳಗಿನ ಕೋಣೆಯ ಬಾಗಿಲಿಗೆ ಜನ ಮುತ್ತಿದ್ದರು, ಬೇರೆಯವರ ವಿಚಾರಣೆ ನೋಡುವುದೂ ಒಂದು ಹೊತ್ತು ಕಳೆಯುವ ಕೆಲಸ. ಅವರ ನಡುವೆ ತಿಪ್ಪಮ್ಮ ಹೊಸ್ತಿಲ ಹತ್ತಿರ ಹೋಗಿ ನಿಂತಳು. ಮೇಜಿನ ಹಿಂದೆ ತಹಸೀಲ್ದಾರರು, ಎದುರಿಗೆ ಹುಡುಗಿ, ಪಕ್ಕದಲ್ಲಿ ಪಂಚಾಕ್ಷರಯ್ಯ. ಹುಡುಗಿ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದಳು. ತಹಸೀಲ್ದಾರರು ಅರ್ಜಿಗೆ ಅಂಟಿಸಿದ್ದ ಫೋಟೋ ನೋಡಿ, ಅವಳ ಮುಖ ನೋಡಿ ತಲೆಯಾಡಿಸಿದರು. ವಯಸ್ಸು ಮೂವತ್ತು ಎಂದಿದೆಯಲ್ಲ ಎಂದರು. ಹೆಂಗಸರ ವಯಸ್ಸು ಗಂಡನಿಗೇನು ಗೊತ್ತು ಸ್ವಾಮಿ, ಸಾಕಿದವನಿಗೆ ಜಾಸ್ತಿಯೇ ಅನ್ನಿಸುತ್ತದೆ ಎಂದು ಪಂಚಾಕ್ಷರಯ್ಯ ಅಂದದ್ದಕ್ಕೆ ಬಾಗಿಲಲ್ಲಿ ನಿಂತವರೂ ನಕ್ಕರು. ತಹಸೀಲ್ದಾರರೂ ನಕ್ಕು ಪೆನ್ನು ಎತ್ತಿಕೊಂಡರು. ಮಸಿಗೆ ಅದ್ದಿದವರು ಅಲ್ಲಿಯೇ ತಡೆದರು.

"ನಾನು ಮಡಕಶಿರದಲ್ಲಿ ಎರಡು ವರ್ಷ ಇದ್ದವನಮ್ಮ. ನಿನ್ನದು ಆ ಕಡೆ ಮಾತಲ್ಲವಲ್ಲ."

ಮದುವೆಯಾಗಿ ಈ ಕಡೆ ಬಂದು ಬಹಳ ವರ್ಷವಾಯಿತು, ಮಾತು ತಿರುಗಿದೆ ಎಂದ ಪಂಚಾಕ್ಷರಯ್ಯ. ತಹಸೀಲ್ದಾರರಿಗೆ ಅದು ಒಪ್ಪಿಗೆಯಾಗಲಿಲ್ಲ. ಫೋಟೋದ ಮುಖವನ್ನು ತವರಿನ ಕಡೆಯವರೊಬ್ಬರು ನೋಡಿ ಹೌದೆಂದರೆ ತಾನು ಸಹಿ ಮಾಡುವುದಕ್ಕೆ ಅಡ್ಡಿಯಿಲ್ಲ ಎಂದು, ಬಾಗಿಲಿನ ಕಡೆ ತಿರುಗಿ, ಮಡಕಶಿರದವರು ಯಾರಾದರೂ ಇದ್ದಾರೇನಯ್ಯ ಎಂದು ಕೇಳಿದರು.

"ನಾನಿದೀನಿ ಸ್ವಾಮಿ," ಎಂದಳು ತಿಪ್ಪಮ್ಮ.

"ಯಾವೂರಮ್ಮ?"

"ರೊಳ್ಳ ಕಣ್ರಿ. ಅಲ್ಲೇ ಹುಟ್ಟಿದ್ದು."

"ಇದಪ್ಪ ಆ ಕಡೆ ಮಾತು ಅಂದರೆ," ಎಂದರು ತಹಸೀಲ್ದಾರರು ಪಂಚಾಕ್ಷರಯ್ಯನಿಗೆ. "ಬಾಮ್ಮ ಒಳಗೆ. ಚಿಕ್ಕತಿಮ್ಮಯ್ಯ ಅನ್ನೋರು ಗೊತ್ತೇನು?"

ಗೊತ್ತು ಎಂದಳು. ಹಿಪ್ಪುನೇರಳೆ ತೋಟದವರು, ತೀರಿಹೋದರು, ಒಬ್ಬಳೇ ಮಗಳು, ಬೊಮ್ಮನಹಾಳ್ ಕಡೆಗೆ ಕೊಟ್ಟಿದ್ದರು ಎಂದಳು. ಹುಡುಗಿ ಇವಳ ಕಡೆ ತಿರುಗಿ ಸಂತೋಷದಿಂದ ನೋಡುತ್ತಿದ್ದಳು. ಜಗಲಿಯ ಅಕ್ಕ ತನ್ನ ನೆರವಿಗೆ ಬಂದಿದ್ದಳು. ಹೊಸ್ತಿಲ ಹೊರಗೆ ಓಬಕ್ಕ ಎರಡು ಕೈಯನ್ನೂ ಎದೆಗೆ ಒತ್ತಿಕೊಂಡಿದ್ದಳು.

"ಯಾರಿಗೆ ಕೊಟ್ಟಿದ್ದರು?"

"ಚಿತ್ತಪ್ಪನಿಗೆ."

ನಾಲಿಗೆ ತಡೆಯಲಿಲ್ಲ. ಗಿಡಗಳ ಮುಂದೆಯೂ ಅದು ಇಷ್ಟು ಸುಲಭವಾಗಿ ಬಂದಿರಲಿಲ್ಲ. ಯಾರೋ ಊರಾಚೆಯವನ ಹೆಸರಿನ ಹಾಗೆ ಬಂತು.

"ಆ ಮಗಳು ಇವಳೇನಮ್ಮ?"

ತಿಪ್ಪಮ್ಮ ಹುಡುಗಿಯನ್ನು ನೋಡಿದಳು. ತುಟಿಯ ಮೂಲೆಯಲ್ಲಿ ಚಟ್ನಿಯ ಪುಡಿ ಇನ್ನೂ ಅಂಟಿತ್ತು.

"ಅಲ್ಲ ಸ್ವಾಮಿ. ಅವಳು ಸತ್ತೋದಳು. ಅವಳ ಬಿಲ್ಲೆ ಈ ಮಗೀನ ಕೊಳ್ಳಾಗೈತೆ, ನೋಡಿ."

ತಹಸೀಲ್ದಾರರು ಪೆನ್ನನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದರು. ಬಿಲ್ಲೆ ಏನೆಂದು ಅವರಿಗೂ ಗೊತ್ತಿತ್ತು. ಆ ಸೀಮೆಯಲ್ಲಿ ಅದನ್ನು ಅರಿಯದ ಮನೆಯಿಲ್ಲ. ಇದು ಯಾರದಮ್ಮ ಎಂದು ಕೇಳಿದರು. ಬಿಲ್ಲೆಯ ವಿಷಯ ಕೇಳಿದರೆ ಏನು ಹೇಳಬೇಕೆಂದು ಹುಡುಗಿಗೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ.

"ನಮ್ಮಕ್ಕಂದ್ರಿ ಸಾಹೇಬ್ರ," ಎಂದಳು ಭಕ್ತಿಯಿಂದ. "ತೀರಿಕೊಂಡಾರ್ರಿ. ದಿನಾ ಅವರಿಗೆ ಎತ್ತಿಟ್ಟನ ನಾ ಉಣ್ಣೋದು."

ಮುಂದಿನದು ಬೇಗ ಮುಗಿಯಿತು. ಸತ್ತವಳ ಹೆಸರಿಗೆ ಬದುಕಿರುವವಳ ಫೋಟೋ ಅಂಟಿಸಿ ಯಾರ ಮುಂದೆ ತಂದಿದ್ದೀಯ ಎಂದು ತಹಸೀಲ್ದಾರರು ಪಂಚಾಕ್ಷರಯ್ಯನನ್ನು ಗದರಿಸಿದರು. ಆ ಹೆಸರಿಗೆ ಪಾಸ್‌ಪೋರ್ಟು ಇಲ್ಲ. ಹುಡುಗಿ ತನ್ನ ಸ್ವಂತ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಲಿ, ಮೊದಲನೆಯವಳು ಎಂದು ಸತ್ತಳು, ಎಲ್ಲಿ ಸುಟ್ಟರು ಎನ್ನುವುದಕ್ಕೆ ಊರಿನ ದಾಖಲೆ ತರಲಿ ಎಂದರು. ತನಗೆ ಹೇಳಿದ್ದನ್ನು ತಾನು ಬರೆದೆ, ಈ ಮುದುಕಿಯೇ ಹೇಳಿದ್ದು ಎಂದು ಪಂಚಾಕ್ಷರಯ್ಯ ಆಗಲೇ ಬಾಗಿಲ ಕಡೆ ಕೈ ತೋರಿಸುತ್ತಿದ್ದ. ಅರ್ಜಿ ಅಡ್ಡಗೆರೆ ಎಳೆಸಿಕೊಂಡು ಮೇಜಿನ ಆ ತುದಿಗೆ ಹೋಯಿತು. ಸಾಕ್ಷಿ ಹೇಳಿದವಳ ಹೆಸರೇನು ಎಂದು ಗುಮಾಸ್ತ ತಲೆ ಎತ್ತುವಷ್ಟರಲ್ಲಿ ತಿಪ್ಪಮ್ಮ ಹೊಸ್ತಿಲು ದಾಟಿದ್ದಳು.

ಜಗಲಿಯ ಮೇಲೆ ಓಬಕ್ಕ ಅವಳ ಹಿಂದೆ ಬಂದಳು. ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

"ನಿನ್ನ ಬಾಯಾರೆ ಹಂಗ ಅನ್ನಬಾರದಿತ್ತು ನೀನು. ಒಳ್ಳೇದಲ್ಲ ಅದು."

"ನೀವು ಕಟ್ಟಿದ್ದನ್ನೇ ತೋರಿಸ್ದೆ ಅತ್ತೆ," ಎಂದಳು ತಿಪ್ಪಮ್ಮ. ಆಮೇಲೆ ಗಂಟು ಬಿಚ್ಚಿ ಹುರಿಹಿಟ್ಟಿನ ಪೊಟ್ಟಣ ತೆಗೆದು ಮುದುಕಿಯ ಕೈಯಲ್ಲಿಟ್ಟಳು. ಅದು ಯಾರಿಗೆಂದು ಮಾಡಿದ್ದೆಂದು ಹೇಳಲಿಲ್ಲ. ಓಬಕ್ಕ ಅದನ್ನು ಹಿಡಿದುಕೊಂಡೇ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತಳು.

ಹುಡುಗಿ ಮೊದಲಿನ ಜಾಗಕ್ಕೇ ಬಂದು ಕಂಬಕ್ಕೆ ಒರಗಿ ಮುಸಿಮುಸಿ ಅಳುತ್ತಿದ್ದಳು. ಪಾಠವನ್ನು ಒಂದೂ ತಪ್ಪದೆ ಹೇಳಿದ್ದೆನಲ್ಲ ಎಂದು ನಡುನಡುವೆ ಅನ್ನುತ್ತಿದ್ದಳು. ತಿಪ್ಪಮ್ಮ ಅವಳ ಪಕ್ಕದಲ್ಲಿ ಕೂತಳು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಜಗಲಿಯ ಅಂಚಿನಲ್ಲಿ ಮುತ್ತುಗದ ಎಲೆಯ ಚೂರು ಇಟ್ಟ ಹಾಗೇ ಇತ್ತು. ಕಾಗೆ ಮುಟ್ಟಿರಲಿಲ್ಲ, ಇರುವೆ ಮಾತ್ರ ಸಾಲುಗಟ್ಟಿ ಬಂದಿದ್ದವು. ಅವಳು ಅದನ್ನು ಎತ್ತಿಕೊಂಡಳು. ಉಫ್ ಎಂದು ಊದಿ ಇರುವೆ ಹಾರಿಸಿದಳು. ಅಂಚು ಒಣಗಿ ಮುರುಟಿದ್ದ ರೊಟ್ಟಿಯ ತುಣುಕನ್ನು ಬಾಯಿಗೆ ಹಾಕಿಕೊಂಡು, ಎಲೆಯನ್ನು ಇದ್ದಲ್ಲೇ ಇಟ್ಟು, ನಿಧಾನವಾಗಿ ಅಗಿಯತೊಡಗಿದಳು.

ಹುಡುಗಿಯ ಅಳು ನಿಂತಿತು. ಮಾಡಬಾರದ್ದನ್ನು ಮಾಡಿದವಳನ್ನು ನೋಡುವ ಹಾಗೆ ಅವಳು ಇವಳ ಬಾಯನ್ನೇ ನೋಡಿದಳು.

ಬೀದಿಯ ಕಡೆಯಿಂದ ಲಕ್ಷ್ಮೀನರಸಪ್ಪ ಎಲೆಯ ಪೊಟ್ಟಣ ಹಿಡಿದು ಓಡೋಡಿ ಬರುತ್ತಿದ್ದ. ದೂರದಿಂದಲೇ ಕೈ ಎತ್ತಿ ಕೂಗಿದ.

"ತಿಪ್ಪಕ್ಕಾ, ಮೋಟಾರು ನಿಂತೈತೆ ಕಣೆ. ಮುಗೀತೇನೆ?"

ಬಾಯಲ್ಲಿ ತುತ್ತಿದ್ದುದರಿಂದ ತಿಪ್ಪಮ್ಮ ಬಂದೆ ಎನ್ನುವಂತೆ ಕೈ ಎತ್ತಿದಳು. ಹುಡುಗಿ ಆ ಕೈಯನ್ನು ನೋಡಿದಳು, ಕಿವಿಯ ಮೇಲೆ ಬುಗುಡಿಯ ತೂತಿನಲ್ಲಿದ್ದ ಬೇವಿನ ಕಡ್ಡಿಯನ್ನು ನೋಡಿದಳು. ಅವಳ ಬೆರಳುಗಳು ತಾವಾಗಿಯೇ ಕುತ್ತಿಗೆಗೆ ಹೋಗಿ ಬಿಲ್ಲೆಯ ಹತ್ತಿರ ನಿಂತವು, ಮುಟ್ಟಲಿಲ್ಲ. ಜಗಲಿಯ ಅಂಚಿನಲ್ಲಿ ಇರುವೆಗಳು ಬರಿದಾದ ಎಲೆಯ ಸುತ್ತ ಒಂದು ಸುತ್ತು ಬಂದು, ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿದವು.